ವರ್ಷಾರಂಭದ ಕ್ಷೇಮಪತ್ರ

ಇಂಗ್ಲೆಂಡು ಅಮೆರಿಕಗಳಲ್ಲಿ ಒಂದು ಪದ್ಧತಿಯುಂಟು. ಕ್ರಿಸ್ಮಸ್ಸಿನ ಹೊತ್ತಿಗೆ ಒಂದು ಸಂಸಾರದವರು ತಮ್ಮ ಮನೆಯ ವರ್ಷದ ವೃತ್ತಾಂತವನ್ನೆಲ್ಲ ಒಂದೇ ಪತ್ರದಲ್ಲಿ ಬರೆದು, ಅದರ ಪ್ರತಿಗಳನ್ನು ಬಂಧುಮಿತ್ರರೆಲ್ಲರಿಗೂ ಕಳುಹಿಸುತ್ತಾರೆ. ಆ ದೇಶಗಳಲ್ಲೊಂದರಲ್ಲಿ ನೆಲಸಿರುವ ನಮ್ಮ ಬಂಧುಗಳೊಬ್ಬರು ಈ ಪದ್ಧತಿಯನ್ನು ಕೈಕೊಂಡು ಹಲವು ವರ್ಷಗಳಾದುವು. ಯಾರು ಯಾವ ಪರೀಕ್ಷೆಯಲ್ಲಿ ತೇರ್ಗಡೆಯಾದರು, ಯಾವ ಯಾವ ಸ್ಥಳಗಳನ್ನು ನೋಡಿಬಂದರು ಎಂಬ ಸಂಗತಿಗಳು ಮೊದಲು. ಕೊನೆಯಲ್ಲಿ ಮನೆಯ ಒಬ್ಬೊಬ್ಬರಿಗೂ ಆ ವರ್ಷ ಅಚ್ಚುಮೆಚ್ಚಾದ ಪುಸ್ತಕ, ಹಾಡು, ತಿಂಡಿಗಳ ಪಟ್ಟಿ. ನಗುವವರು ನಗಲಿ, ನನಗೆ ಆ ಪಟ್ಟಿಯೇ ಹೆಚ್ಚು ಪ್ರಿಯ. ಪರೀಕ್ಷೆಯ ಅಂಕಗಳಿಂದ ತಿಳಿಯದ ಮನುಷ್ಯನು ತಿಂಡಿಯಿಂದ ತಿಳಿಯುತ್ತಾನೆ.

ಈ ಸಲ ಅವರು ಸ್ವದೇಶಕ್ಕೆ ಬಂದು ಬಾದಾಮಿ ಐಹೊಳೆಗಳನ್ನು ನೋಡಿಹೋದುದರ ವರ್ಣನೆಯೇ ಎರಡು ಪುಟ. ಸಂತೋಷದಿಂದ ಓದುತ್ತ ಪಟ್ಟಿಗೆ ಬಂದೆ. ಅಲ್ಲಿ ಲೆಕ್ಕ ತಪ್ಪಿತು. ಮನೆಯಲ್ಲಿ ಐವರು, ಪಟ್ಟಿಯಲ್ಲಿ ನಾಲ್ವರು. ಹಿಂದಿನ ಪತ್ರಗಳಲ್ಲೆಲ್ಲ ಮೊದಲ ಹೆಸರಾಗಿ ಬರುತ್ತಿದ್ದ ಹಿರಿಯ ಮಗನು ಎಲ್ಲಿಯೂ ಇಲ್ಲ. ಅವನು ಮನೋವ್ಯಾಧಿಯಿಂದ ವ್ಯಾಸಂಗವನ್ನು ನಿಲ್ಲಿಸಿ, ಬಹುಕಾಲದಿಂದ ಕೋಣೆಯ ಬಾಗಿಲು ಹಾಕಿಕೊಂಡೇ ಇರುವನೆಂಬುದು ನನಗೆ ಬೇರೆ ಕಡೆಯಿಂದ ತಿಳಿದಿತ್ತು. (ಇದನ್ನು ಇಲ್ಲಿ ಬರೆಯಲು ತಂದೆತಾಯಿಗಳ ಅನುಮತಿಯನ್ನು ಮಾತ್ರವಲ್ಲ, ಆ ಹುಡುಗನ ಅನುಮತಿಯನ್ನೂ ಪಡೆದಿದ್ದೇನೆ.)

ನನಗೆ ಮೊದಲು ಬಂದುದು ಕೋಪ. ಐಹೊಳೆಗೆ ಹೋಗಿಬಂದವರು ಐಹೊಳೆಯ ಕವಿಯ ಮಾರ್ಗವನ್ನೇ ಹಿಡಿದರಲ್ಲಾ ಎಂದುಕೊಂಡೆ. ಮೇಗುಟಿಯ ಜಿನಾಲಯದ ಗೋಡೆಯಲ್ಲಿ 634ರಲ್ಲಿ ರವಿಕೀರ್ತಿಯು ಕೆತ್ತಿಸಿದ ಪ್ರಶಸ್ತಿ ಪ್ರಸಿದ್ಧವಷ್ಟೆ. ಇಮ್ಮಡಿ ಪುಲಕೇಶಿಯ ಜಯಗಳೆಲ್ಲ ಅಲ್ಲಿವೆ. ಹರ್ಷನ ಹರ್ಷವು ಅಡಗಿದುದೂ ಇದೆ. ಕವಿಯು ತನ್ನನ್ನು ಕಾಳಿದಾಸ ಭಾರವಿಗಳ ಪಂಕ್ತಿಯಲ್ಲಿ ಕುಳ್ಳಿರಿಸಿಕೊಳ್ಳುವುದನ್ನೂ ಮರೆತಿಲ್ಲ. ಎಂಟು ವರ್ಷಗಳ ಮೇಲೆ, 642ರಲ್ಲಿ, ಪಲ್ಲವ ನರಸಿಂಹವರ್ಮನು ವಾತಾಪಿಯನ್ನು ಹಿಡಿದನು. ಆ ಸುದ್ದಿಗೂ ಶಾಸನವುಂಟು, ಬಾದಾಮಿಯ ಬಂಡೆಯ ಮೇಲೆಯೇ. ಆದರೆ ಕೆತ್ತಿಸಿದವರು ಗೆದ್ದುಬಂದವರು. ಮನೆಯವರು ಹೇಳದೆ ಬಿಟ್ಟುದನ್ನು ಹೊರಗಿನವರು ಹೇಳುತ್ತಾರೆ. ಆ ಹುಡುಗನ ಸಂಗತಿ ನನಗೆ ತಿಳಿದುದೂ ಹೀಗೆಯೇ ಅಲ್ಲವೆ?

ಯುಗಾದಿಯ ಹಿಂದಿನ ದಿನ ಉತ್ತರ ಬರೆಯಲು ಕುಳಿತೆನು. ಕೈ ತನ್ನ ಅಭ್ಯಾಸದಿಂದ ಮೊದಲ ಸಾಲನ್ನು ತಾನೇ ಬರೆಯಿತು: ಇತ್ತ ತಾಯಿಯವರಾದಿಯಾಗಿ ಎಲ್ಲರೂ ಕ್ಷೇಮ. ಬರೆದುದನ್ನು ನೋಡಿ ಲೇಖನಿಯನ್ನು ಕೆಳಗಿಟ್ಟೆ. ನಮ್ಮ ತಾಯಿ ದೀಪಾವಳಿಯಿಂದೀಚೆಗೆ ನನ್ನ ಗುರುತು ಹಿಡಿಯುತ್ತಿಲ್ಲ. ಒಮ್ಮೊಮ್ಮೆ ನನ್ನನ್ನು ಅಂಚೆಯವನೆಂದು ತಿಳಿದು, ಯಾರ ಕಾಗದ ಬಂತು ಎಂದು ಕೇಳುತ್ತಾರೆ.

ನಮ್ಮ ಹಿರಿಯರು ಈ ತೊಡಕಿಗೆ ಸಿಕ್ಕಿಕೊಳ್ಳಲಿಲ್ಲವೆಂದು ತೋರುತ್ತದೆ. ಕಾಲಾಣೆಯ ಕಾರ್ಡು ಈ ದೇಶಕ್ಕೆ ಬಂದುದು 1879ರಲ್ಲಿ. ಅದಕ್ಕೂ ಅವರು ತಮ್ಮ ಕ್ರಮವನ್ನು ಬೇಗನೆ ಹೊಂದಿಸಿಬಿಟ್ಟರು. ಶುಭವಾರ್ತೆಯ ಪತ್ರದ ಮೂಲೆಗಳಿಗೆ ಅರಿಸಿನ. ಸಾವಿನ ಪತ್ರವನ್ನು ಹೊರಗೆ ನಿಂತು ಓದಿ ಹರಿದುಹಾಕುವುದು. ಆದರೆ ಮದುವೆಯೂ ಅಲ್ಲದ ಮರಣವೂ ಅಲ್ಲದ ದುಃಖಕ್ಕೆ, ದಿನವೂ ಮನೆಯೊಳಗೆ ಊಟಮಾಡಿಕೊಂಡಿರುವ ದುಃಖಕ್ಕೆ, ಅವರಲ್ಲಿಯೂ ಪತ್ರವಿರಲಿಲ್ಲ. ಅದು "ಕ್ಷೇಮ" ಎಂಬ ಒಂದು ಮಾತಿನ ಕೆಳಗೆ ಅಡಗಿ ಕುಳಿತಿರುತ್ತಿತ್ತು.

ಅಪ್ರಿಯವಾದ ಸತ್ಯವನ್ನು ನುಡಿಯಬಾರದೆಂದು ಮನುವಿನ ವಿಧಿ. ಅದನ್ನು ಎಲ್ಲರೂ ಬಲ್ಲರು. ಪ್ರಿಯವಾದ ಅಸತ್ಯವನ್ನೂ ನುಡಿಯಬಾರದೆಂಬ ಅದರ ಉತ್ತರಾರ್ಧವನ್ನು ನೆನೆಯುವವರು ಕಡಮೆ. ಈ ಎರಡರ ನಡುವೆ ಉಳಿಯುವುದು ಮೌನವೊಂದೇ. ಅದು ಯಾವಾಗಲೂ ನಿರ್ದೋಷವೆ?

ನನಗೆ ತೋರುವುದಿಷ್ಟು. ಹುಡುಗನ ವ್ಯಾಧಿಯು ಹುಡುಗನ ಸೊತ್ತು. ನಾಲ್ವತ್ತು ಮನೆಗಳಿಗೆ ಅದನ್ನು ಸಾರುವ ಅಧಿಕಾರ ತಂದೆಗೂ ಇಲ್ಲ. ಸತ್ಯನಿಷ್ಠೆಯ ಹೆಸರಿನಲ್ಲಿ ಇನ್ನೊಬ್ಬರ ಗಾಯವನ್ನು ಬಿಚ್ಚಿ ತೋರಿಸುವವರನ್ನು ನಾನು ಕಂಡಿದ್ದೇನೆ. ಅವರಿಗಿಂತ ಸುಳ್ಳುಗಾರರೇ ಮೇಲೆಂದು ಒಮ್ಮೊಮ್ಮೆ ಅನ್ನಿಸಿದೆ. ಆದುದರಿಂದ ಬಂಧುಗಳು ವ್ಯಾಧಿಯನ್ನು ಬರೆಯದುದು ತಪ್ಪಲ್ಲ. ಅದಕ್ಕಾಗಿ ನಾನು ಕೋಪಿಸಿಕೊಂಡುದೇ ತಪ್ಪು. ತಪ್ಪಾದುದು ಬೇರೊಂದು ಕಡೆ. ಅವರು ವ್ಯಾಧಿಯ ಜತೆಗೆ ಮಗನನ್ನೂ ಬಿಟ್ಟರು. ಒಬ್ಬನ ದುಃಖವನ್ನು ಹೇಳದಿರುವುದು ಬೇರೆ, ಅವನನ್ನು ಎಣಿಸದಿರುವುದು ಬೇರೆ. ಹೇಳಲು ಜಯವಿಲ್ಲದವನಿಗೆ ಹೇಳಲು ಏನೂ ಇಲ್ಲವೆಂದು ನಾವು ತಿಳಿದುಬಿಡುತ್ತೇವೆ. ಬಾಗಿಲು ಹಾಕಿಕೊಂಡವನಿಗೂ ಒಂದು ಹಾಡು ಹಿಡಿಸೀತು, ಒಂದು ತಿಂಡಿ ರುಚಿಸೀತು. ಅದನ್ನು ಕೇಳುವವರಾರು?

ಇಷ್ಟನ್ನು ಯೋಚಿಸಿದ ಮೇಲೆ ನನ್ನ ಪತ್ರವನ್ನು ತಿದ್ದುವುದು ಸುಲಭವಾಗಲಿಲ್ಲ. "ಕ್ಷೇಮ" ಎಂಬುದನ್ನು ಹೊಡೆದುಹಾಕಿದರೆ ಅವರು ಗಾಬರಿಯಾದಾರು, ಉಳಿಸಿದರೆ ಸುಳ್ಳು. ಕಡೆಗೆ ತಾಯಿಯವರ ವಿಷಯದಲ್ಲಿ ನಾನೂ ಒಂದು ಪಟ್ಟಿಯನ್ನೇ ಬರೆದೆ. ಅವರಿಗೆ ಈಗ ಸಂಜೆಯ ಹೊತ್ತು ಕಿಟಕಿಯ ಬಳಿ ಕುಳಿತಿರುವುದು ಇಷ್ಟ. ಹುರಿಗಡಲೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಒಂದೊಂದಾಗಿ ತಿನ್ನುವುದು ಇಷ್ಟ. ಎಂಟು ವರ್ಷದ ಮೊಮ್ಮಗಳು ಮಗ್ಗಿ ಹೇಳುವಾಗ ತಾವೂ ಜತೆಗೆ ಹೇಳುವುದು ಇಷ್ಟ, ಹದಿಮೂರರ ಮಗ್ಗಿಯವರೆಗೂ ತಪ್ಪಿಲ್ಲದೆ ಹೇಳುತ್ತಾರೆ. ನನ್ನ ಹೆಸರು ಮಾತ್ರ ನೆನಪಿಗೆ ಬರುವುದಿಲ್ಲ ಎಂದು ಬರೆದೆ. ಕೊನೆಗೆ ಒಂದು ಸಾಲನ್ನು ಸೇರಿಸಿದೆ: ಪಟ್ಟಿಯಲ್ಲಿ ಒಬ್ಬರ ಹೆಸರು ಬಿಟ್ಟುಹೋಗಿದೆ, ಅವನಿಗೆ ಈ ವರ್ಷ ಏನು ಇಷ್ಟ?

ಎರಡು ತಿಂಗಳು ಉತ್ತರ ಬರಲಿಲ್ಲ. ಅಧಿಕಪ್ರಸಂಗವಾಯಿತೆಂದು ಪಶ್ಚಾತ್ತಾಪಪಟ್ಟೆ. ಆಮೇಲೆ ಹುಡುಗನ ತಾಯಿಯ ಕೈಬರಹದಲ್ಲಿ ಅರ್ಧ ಪುಟದ ಕಾಗದ ಬಂತು. ನೀವು ಕೇಳಿದ ಮೇಲೆ ನಾನು ಬಾಗಿಲ ಹೊರಗೆ ನಿಂತು ಅವನನ್ನೇ ಕೇಳಿದೆ, ಬಹಳ ಹೊತ್ತು ಮಾತಿರಲಿಲ್ಲ, ಆಮೇಲೆ ಒಳಗಿನಿಂದ ಹೇಳಿದ, ಮೊಸರನ್ನಕ್ಕೆ ಇಂಗಿನ ಒಗ್ಗರಣೆ ಹಾಕಿದರೆ ಇಷ್ಟವಂತೆ ಎಂದು ಬರೆದಿದ್ದರು.