ಇಲ್ಲದ ವಿಮಾನದ ಎಡರೆಕ್ಕೆ

ಇಟಲಿಯ ಮಾಕಿ ಸಿ.202 ಯುದ್ಧವಿಮಾನದ ಎಡರೆಕ್ಕೆ ಬಲರೆಕ್ಕೆಗಿಂತ ಸುಮಾರು 20 ಸೆಂಟಿಮೀಟರ್ ಉದ್ದ. ಪ್ರೊಪೆಲರ್ ತಿರುಗುವ ರಭಸಕ್ಕೆ ವಿಮಾನ ಒಂದು ಬದಿಗೆ ವಾಲದಿರಲಿ ಎಂದು ವಿನ್ಯಾಸಕಾರ ಮಾರಿಯೊ ಕಾಸ್ತೊಲ್ದಿ ಹೂಡಿದ ಉಪಾಯ ಅದು. 1:72ರ ಪ್ರಮಾಣದ ಕಿರುಮಾದರಿಯಲ್ಲಿ ಈ ವ್ಯತ್ಯಾಸ ಮೂರು ಮಿಲಿಮೀಟರ್ ಕೂಡ ಇಲ್ಲ. ತಿಳಿಯದವರು ನೋಡಿದರೆ ಮಾಡಿದವನ ಕೈ ತಪ್ಪಿದೆ ಎಂದುಕೊಂಡಾರು. ಆಗ ನಕ್ಷೆ ಬಿಡಿಸಿ ತೋರಿಸಬಹುದು. ಆದರೆ ನಕ್ಷೆಯೇ ಇಲ್ಲದ, ಯಾರೂ ಎಂದೂ ಕಟ್ಟದ ವಿಮಾನದ ಮಾದರಿ ಮಾಡುವವನು ಏನು ತೋರಿಸಬೇಕು?

ಅಂಥವರಿದ್ದಾರೆ. ನಾಲ್ಕಾರು ಕಿಟ್‌ಗಳ ಬಿಡಿಭಾಗ ಕೂಡಿಸಿ, ಎರಡನೇ ಮಹಾಯುದ್ಧದ ಇಟಲಿಗೆ ಅದು ಎಂದೂ ಕಾಣದ ಹಗುರ ಯುದ್ಧವಿಮಾನವೊಂದನ್ನು ದಯಪಾಲಿಸುತ್ತಾರೆ. ಇಲ್ಲದ ವಸ್ತುವಿನಲ್ಲಿ ತಪ್ಪು ಎಲ್ಲಿಂದ ಬರಬೇಕು, ಮನಸ್ಸಿಗೆ ಬಂದಂತೆ ಮಾಡಿದರಾಯಿತು ಎಂಬ ಮಾತು ಸುಲಭ. ನಾನು ಒಪ್ಪುವುದಿಲ್ಲ. ಇಲ್ಲದ್ದನ್ನೂ ತಪ್ಪಾಗಿ ಮಾಡಬಹುದು. ಸಂಸ್ಕೃತ ಕಾವ್ಯಮೀಮಾಂಸಕ ಕ್ಷೇಮೇಂದ್ರ ಔಚಿತ್ಯವನ್ನು ಕಾವ್ಯದ ಜೀವವೆಂದದ್ದು ನಡೆದ ಕಥೆಗಳನ್ನಷ್ಟೇ ಎದುರಿಗಿಟ್ಟುಕೊಂಡಲ್ಲ.

ಇಲ್ಲಿ ಔಚಿತ್ಯವನ್ನು ಅಳೆಯುವುದು ಆ ದೇಶದ ಬಡತನ. ಇಟಲಿಗೆ ಕೊರತೆಯಿದ್ದದ್ದು ಜಾಣ ವಿನ್ಯಾಸಕಾರರದ್ದಲ್ಲ, ಶಕ್ತಿಯುಳ್ಳ ಎಂಜಿನ್‌ಗಳದ್ದು. ಯುದ್ಧಕ್ಕಿಳಿದಾಗ ಅದರ ಮುಂಚೂಣಿಯ ವಿಮಾನಗಳಲ್ಲಿದ್ದ ಫಿಯಟ್ ಎಂಜಿನ್ 840 ಅಶ್ವಶಕ್ತಿಯದು. ಬ್ರಿಟನ್ನಿನ ಮರ್ಲಿನ್ ಸಾವಿರ ದಾಟಿತ್ತು. ಸಿ.202 ಮೇಲೆದ್ದದ್ದೇ ಜರ್ಮನಿಯ ಎಂಜಿನ್ನಿನಿಂದ. ಅದನ್ನು ಆಮೇಲೆ ಪರವಾನಗಿ ಪಡೆದು ಆಲ್ಫಾ ರೋಮಿಯೊ ತಯಾರಿಸಿತು. ಶಕ್ತಿ ಹೆಚ್ಚಿಸಲಾಗದಿದ್ದರೆ ತೂಕ ಇಳಿಸು ಎಂಬ ತರ್ಕದಿಂದ ವಿನ್ಯಾಸಕಾರ ಸೆರ್ಜೊ ಸ್ತೆಫಾನುತ್ತಿಯ ಎಸ್‌ಎಐ 207 ವಿಮಾನ ಹುಟ್ಟಿತು. ಮರದ ಮೈ, 750 ಅಶ್ವಶಕ್ತಿ, ಆದರೂ ಗಂಟೆಗೆ 600 ಕಿಲೋಮೀಟರ್ ಮೀರಿದ ವೇಗ. 1943ರಲ್ಲಿ ಕೆಲವೇ ಕೆಲವು ವಿಮಾನಗಳು ಪರೀಕ್ಷೆಗೆಂದು ಹಾರಿದವು. ಸೆಪ್ಟೆಂಬರ್ 8ರಂದು ಮಿತ್ರಪಡೆಗಳೊಂದಿಗೆ ಇಟಲಿಯ ಕದನವಿರಾಮ ಘೋಷಣೆಯಾಯಿತು, ಯೋಜನೆ ಅಲ್ಲಿಗೇ ನಿಂತಿತು.

ಹೀಗಿರುವಾಗ ನಿಮ್ಮ ಕಾಲ್ಪನಿಕ ವಿಮಾನಕ್ಕೆ ಎರಡು ಸಾವಿರ ಅಶ್ವಶಕ್ತಿ, ನಾಲ್ಕು ಫಿರಂಗಿ ತೊಡಿಸಿದರೆ ಅದು ಕಲ್ಪನೆಯಲ್ಲ, ಹಂಬಲ. ಕಲ್ಪನೆ ಒಂದನ್ನು ಬದಲಿಸಿ, ಉಳಿದದ್ದು ಅದಕ್ಕೆ ಹೇಗೆ ಹೊಂದಿಕೊಂಡೀತು ಎಂದು ಲೆಕ್ಕ ಹಾಕುತ್ತದೆ. ಎಂಜಿನ್ ಚಿಕ್ಕದಾದರೆ ವಾಲಾಟ ಕಡಿಮೆ, ಎಡರೆಕ್ಕೆಯ ಹೆಚ್ಚಳವೂ ಕಡಿಮೆ ಸಾಕು. ಪ್ರಾಯಶಃ ಬೇಡವೇ ಬೇಡ. ಬೇಡ ಎಂಬ ಆ ತೀರ್ಮಾನಕ್ಕೆ ಕಾರಣವಿದ್ದರೆ ರೆಕ್ಕೆ ಸರಿಯಾಗಿದೆ. ತರ್ಕಕ್ಕೆ ಸಿಗದ್ದೂ ಇರುತ್ತದೆ, ನಿಜ. ಇಟಲಿಯ ಪೈಲಟ್‌ಗಳು ಮುಚ್ಚಿದ ಕಾಕ್‌ಪಿಟ್ ಬೇಡವೆಂದು ಹಟ ಹಿಡಿದು, ಮಾಕಿ ಸಿ.200ರ ಗಾಜಿನ ಮುಚ್ಚಿಗೆಯನ್ನೇ ತೆಗೆಸಿದ್ದರು! ಎಂಜಿನಿಯರನ ಲೆಕ್ಕವನ್ನು ಹೀಗೆ ಕೆಡಿಸುವ ಮನುಷ್ಯರಿಗೂ ಮಾದರಿಯಲ್ಲಿ ಜಾಗವಿರಬೇಕು.

ಬಣ್ಣದ ಹೊತ್ತಿಗೆ ಪ್ರಶ್ನೆ ಬಿಗಿಯಾಗುತ್ತದೆ. ಆ ಕಾಲದ ರೆಕ್ಕೆಗಳ ಮೇಲೆ ಫ್ಯಾಸಿಸ್ಟರ ಗುರುತಿತ್ತು, ಕೋಲುಗಳ ಕಟ್ಟು ಮತ್ತು ಕೊಡಲಿ. ಅದೇ ವಾಯುಪಡೆ 1935–36ರಲ್ಲಿ ಇಥಿಯೋಪಿಯಾದ ಜನರ ಮೇಲೆ ವಿಷಾನಿಲ ಸುರಿಸಿತ್ತು. ಆಟದ ಸಾಮಾನಿಗೆ ಇಷ್ಟೆಲ್ಲ ಯಾಕೆ ಎನ್ನಬಹುದು. ಆದರೆ ರಿವೆಟ್ಟಿನ ಅಂತರಕ್ಕೆ ನಿದ್ದೆಗೆಡುವವನು ಗುರುತಿನ ವಿಷಯದಲ್ಲಿ ಮಾತ್ರ ‘ಆಟ ತಾನೇ’ ಎಂದರೆ ನಂಬುವುದು ಕಷ್ಟ. ವಿಮಾನವನ್ನು ಇನ್ನಷ್ಟು ಸಮರ್ಥಗೊಳಿಸುವವನು ಆ ಸಾಮರ್ಥ್ಯ ಯಾರ ಕೈಗೆ ಹೋಗುತ್ತಿತ್ತು ಎಂಬುದನ್ನೂ ಕಲ್ಪಿಸಲೇಬೇಕು.

ಕದನವಿರಾಮದ ನಂತರ ಮಿತ್ರಪಡೆಗಳ ಜೊತೆ ಹಾರಿದ ಇಟಲಿಯ ತ್ರಿವರ್ಣ ವೃತ್ತ ಹಚ್ಚಿಬಿಡಬಹುದು; ಕೆಲವರು ಹಾಗೆ ಪಾರಾಗುತ್ತಾರೆ. ಆಗ ಇನ್ನೊಂದು ಲೆಕ್ಕ ತೆರೆಯುತ್ತದೆ. ಆ ವಾಯುಪಡೆ ಇದ್ದದ್ದು ದಕ್ಷಿಣದಲ್ಲಿ. ಟ್ಯೂರಿನ್, ಮಿಲಾನಿನ ಕಾರ್ಖಾನೆಗಳು ಜರ್ಮನರ ವಶದಲ್ಲಿದ್ದವು. ಈ ಹೊಚ್ಚಹೊಸ ವಿಮಾನವನ್ನು ದಕ್ಷಿಣದವರಿಗೆ ಕಟ್ಟಿಕೊಟ್ಟವರು ಯಾರು? ಅದನ್ನು ಹೇಳಬಲ್ಲವನು ಡೆಕಾಲ್ ಅಂಟಿಸಲಿ.