ಇಂದಿನ ಧಮ್ಮ ಚಿಂತನೆ: ಊಟದ ಅಳತೆ

ಕೋಸಲದ ರಾಜ ಪಸೇನದಿ ಒಮ್ಮೆ ಹೊಟ್ಟೆ ಬಿರಿಯುವಂತೆ ಉಂಡು, ಏದುಸಿರು ಬಿಡುತ್ತ ಭಗವಾನರ ಬಳಿ ಬಂದ. ಅಳತೆ ಅರಿತು ಉಣ್ಣುವವನಿಗೆ ನೋವು ಕಡಿಮೆ ಎಂದು ಬುದ್ಧರು ತಿಳಿಹೇಳಿದರು. ದಿನವೂ ಊಟದ ಹೊತ್ತಿಗೆ ಆ ಮಾತು ನೆನಪಿಸಲು ರಾಜ ಒಬ್ಬ ಹುಡುಗನನ್ನು ನೇಮಿಸಿದ. ಬರಬರುತ್ತ ಊಟ ಇಳಿಯಿತು, ಮೈ ಹಗುರಾಯಿತು. ಸಂಯುತ್ತ ನಿಕಾಯದಲ್ಲಿ ಈ ಕಥೆಯಿದೆ.

ರಾಜನಿಗೆ ಹೆಚ್ಚಿತ್ತು, ನಮ್ಮ ಹಿರಿಯರಿಗೆ ಇರಲಿಲ್ಲ. ಅವರ ಹಸಿವು ವ್ರತವಲ್ಲ, ಜಾತಿ ಹೇರಿದ್ದು. ಅದಕ್ಕೇ ಮಕ್ಕಳು ಕೇಳಿದ್ದೆಲ್ಲ ಕೊಡಿಸುತ್ತೇವೆ. ನನ್ನ ತರಗತಿಯಲ್ಲಿ ಬುತ್ತಿಗಿಂತ ಚಿಪ್ಸ್ ಪೊಟ್ಟಣಕ್ಕೇ ಮರ್ಯಾದೆ. ಜೋಳದ ರೊಟ್ಟಿ, ಪುಂಡಿಪಲ್ಯ ಬಡವರ ಊಟವೆಂದು ನಾಚಿದೆವು. ತುಂಗಭದ್ರಾ ಕಾಲುವೆ ಬಂದಮೇಲೆ ಸಿರುಗುಪ್ಪದ ತುಂಬ ಭತ್ತ. ಆದರೆ ಮಿಲ್ಲಿನಲ್ಲಿ ಪಾಲಿಶ್ ಆದ ಅಕ್ಕಿಯಿಂದ ತೌಡಿನ ಜೊತೆ ನಾರು, ಬಿ ವಿಟಮಿನ್ ಬಹುಪಾಲು ಹೋಗುತ್ತವೆ. ಕುರುಗೋಡಿನ ಹೊಲಗಳಲ್ಲಿ ದಿನವಿಡೀ ಬಗ್ಗಿ ದುಡಿದವರ ಮಕ್ಕಳು ನಾವು ಬಳ್ಳಾರಿಯಲ್ಲಿ ಕುರ್ಚಿ ಮೇಲೆ ಕೂತಿದ್ದೇವೆ. ದುಡಿತ ಇಳಿದರೂ ತಟ್ಟೆಯ ಅನ್ನ ಇಳಿದಿಲ್ಲ.

ಬಿಪಿ, ಸಕ್ಕರೆ ಕಾಯಿಲೆ ಹಿಂದಿನ ಜನ್ಮದ ಪಾಪವಲ್ಲ. ಕಾರಣವಿಲ್ಲದೆ ಯಾವುದೂ ಹುಟ್ಟದು ಎನ್ನುತ್ತದೆ ಧಮ್ಮ. ಕಾರಣ ಅರಿತರೆ ಎಷ್ಟೋ ತಡೆಯಬಹುದು.

ಸಕ್ಕರೆ ಕಾಯಿಲೆಯಿಂದ ಬಳಲುತ್ತಲೇ ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು ನಮಗೆ ಧಮ್ಮ ಕೊಟ್ಟರು. 53 ದಿನಗಳಲ್ಲಿ ನಮ್ಮನ್ನಗಲಿದರು. ಅವರ ವಿಮೋಚನಾ ರಥ ಎಳೆಯಲು ಗಟ್ಟಿ ಮೈ ಬೇಕು.

ಇಂದಿನ ಅಭ್ಯಾಸ: ಎರಡನೇ ಸಲ ಬಡಿಸಿಕೊಳ್ಳುವ ಮುನ್ನ ಒಂದು ಉಸಿರು ನಿಲ್ಲೋಣ, ಹಸಿವು ಇದೆಯೇ ಎಂದು ಕೇಳಿಕೊಳ್ಳೋಣ. ಒಂದು ಹೊತ್ತು ರೊಟ್ಟಿ ಉಣ್ಣೋಣ. ಉಂಡಮೇಲೆ ಮನೆಮಂದಿಯೆಲ್ಲ ಸ್ವಲ್ಪ ನಡೆಯೋಣ.

ಭವತು ಸಬ್ಬ ಮಂಗಲಂ.