ಉಳಿದ ಗೆರೆಗಳು

ಬಂಗಾರಪೇಟೆಯಲ್ಲಿ ರೈಲು ಬದಲಿಸಿ ಮಾರಿಕುಪ್ಪಂ ಕಡೆಗೆ ಹೊರಟವರಿಗೆ ಚಾಂಪಿಯನ್ ನಿಲ್ದಾಣದ ಸುತ್ತ ಸೈನೈಡ್ ದಿಬ್ಬಗಳು ಕಾಣುತ್ತವೆ. ಶತಮಾನಕ್ಕೂ ಮಿಕ್ಕಿ ಶಿಲೆಯನ್ನು ಅರೆದು, ಚಿನ್ನವನ್ನು ಬೇರ್ಪಡಿಸಿ, ಚೆಲ್ಲಿದ ಮಣ್ಣು ಅದು. 2001ರ ಫೆಬ್ರವರಿಯಲ್ಲಿ ಕೋಲಾರದ ಈ ಚಿನ್ನದ ಗಣಿ ಮುಚ್ಚಿತು. ನೀರೆತ್ತುವ ಪಂಪುಗಳು ನಿಂತ ಮೇಲೆ ಸುರಂಗಗಳಲ್ಲಿ ನೀರು ಮೆಲ್ಲನೆ ಏರಿತು. ಆ ನೀರಿನ ಅಡಿಯಲ್ಲಿ ಚಿನ್ನದ ಹಂಬಲವಿಲ್ಲದೆ ವಿಜ್ಞಾನಿಗಳು ಕೆಲಸ ಮಾಡಿದ ಕೆಲವು ಕೋಣೆಗಳೂ ಇವೆ.

ಹೋಮಿ ಭಾಭಾ ಅವರ ಸೂಚನೆಯಂತೆ ಭೌತವಿಜ್ಞಾನಿ ಬಿ.ವಿ. ಶ್ರೀಕಂಠನ್ 1951ರಲ್ಲಿ ಈ ಗಣಿಗೆ ಇಳಿದು ವಿಶ್ವಕಿರಣಗಳ ಅಧ್ಯಯನಕ್ಕೆ ತೊಡಗಿದರು. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಒಸಾಕಾ ಮತ್ತು ಡರ್ಹಮ್‌ನ ವಿಜ್ಞಾನಿಗಳು ಚಾಂಪಿಯನ್ ರೀಫ್ ಗಣಿಯಲ್ಲಿ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಕುರುಹನ್ನು ಕಂಡರು. ಇತರ ಕಣಗಳನ್ನು ಬಹುಮಟ್ಟಿಗೆ ತಡೆಯುತ್ತಿದ್ದ ಮೇಲಿನ ಶಿಲೆಯನ್ನು ನ್ಯೂಟ್ರಿನೋಗಳು ಹಾದುಬರುತ್ತಿದ್ದವು. ಕಣವೊಂದು ಹಾದಾಗ ಅಲ್ಲಿ ಜೋಡಿಸಿದ್ದ ನಿಯಾನ್ ಕೊಳವೆಗಳು ಕ್ಷಣಮಾತ್ರ ಬೆಳಗುತ್ತಿದ್ದವು, ಆ ಬೆಳಕಿನ ಗೆರೆ ಛಾಯಾಚಿತ್ರದಲ್ಲಿ ಉಳಿಯುತ್ತಿತ್ತು.

ಹಾಗೆ ಉಳಿದ ಕೆಲವು ಗೆರೆಗಳು ಆಗ ತಿಳಿದಿದ್ದ ಯಾವ ಕಣದ ನಡೆಗೂ ಹೊಂದಲಿಲ್ಲ. 1975ರಲ್ಲಿ ಪ್ರಕಟವಾದ ಅವು ‘ಕೋಲಾರ ಘಟನೆಗಳು’ ಎಂಬ ಹೆಸರು ಪಡೆದವು. ಸುಮಾರು ನಾಲ್ಕು ದಶಕಗಳ ಬಳಿಕ, 2014ರಲ್ಲಿ, ಭೌತವಿಜ್ಞಾನಿಗಳಾದ ಎಂ.ವಿ.ಎನ್. ಮೂರ್ತಿ ಮತ್ತು ಜಿ. ರಾಜಶೇಖರನ್ ಅವುಗಳನ್ನು ಮತ್ತೆ ಕೈಗೆತ್ತಿಕೊಂಡು, ಅವು ಅಗೋಚರ ದ್ರವ್ಯದ (ಡಾರ್ಕ್ ಮ್ಯಾಟರ್) ಕಣವೊಂದು ಕ್ಷಯಿಸಿದ ಗುರುತಾಗಿರಬಹುದೇ ಎಂದು ಕೇಳಿದರು. ಉತ್ತರ ಇನ್ನೂ ನಿಶ್ಚಿತವಲ್ಲ. ನನ್ನನ್ನು ಕಾಡುವುದು ಉತ್ತರಕ್ಕಿಂತ, ಆ ಪ್ರಶ್ನೆ ಹುಟ್ಟಲು ಸಾಧ್ಯವಾದದ್ದು. ಗಣಿಯೇ ಇಲ್ಲವಾದ ಮೇಲೂ ಅದು ಹುಟ್ಟಿತು, ಏಕೆಂದರೆ ಯಾರೋ ಅಂದು ಕೋನಗಳನ್ನು ಅಳೆದು ಬರೆದಿಟ್ಟಿದ್ದರು, ಗೆರೆಗಳು ಎಲ್ಲಿ ಕೂಡುತ್ತವೆ ಎಂದು ಗುರುತಿಸಿದ್ದರು.

ಆದರೆ ಎಲ್ಲವೂ ಬರಹಕ್ಕೆ ಇಳಿಯುವುದಿಲ್ಲ. ಯಾವ ಕೊಳವೆ ಮಂಕಾಗಿತ್ತು, ಯಾವ ಗೆರೆಯನ್ನು ಎಷ್ಟು ಅನುಮಾನದಿಂದ ಎಣಿಕೆಗೆ ಸೇರಿಸಿಕೊಂಡರು, ಯಾವುದನ್ನು ಮಾತಿಲ್ಲದೆ ಬಿಟ್ಟರು ಎಂಬಂಥ ಅರಿವು ಅಲ್ಲಿ ದುಡಿದವರ ಕಣ್ಣಲ್ಲೇ ಇರುತ್ತದೆ. ಜಿನೀವಾ ಬಳಿಯ ಕಣಭೌತ ಪ್ರಯೋಗಾಲಯ ಸರ್ನ್ ಅದೇ 2014ರಲ್ಲಿ ತನ್ನ ದತ್ತಾಂಶದ ಒಂದು ಭಾಗವನ್ನು ಸಾರ್ವಜನಿಕರಿಗೆ ತೆರೆದಾಗ, ಅಂಕಿಗಳ ಜೊತೆಗೆ ಅವನ್ನು ಓದುವ ತಂತ್ರಾಂಶವನ್ನೂ ಇಟ್ಟಿತು. ಅಂಕಿಗೆ ತನ್ನನ್ನು ತಾನೇ ವಿವರಿಸಿಕೊಳ್ಳುವ ಶಕ್ತಿಯಿಲ್ಲ ಎಂಬುದು ಅವರಿಗೆ ತಿಳಿದಿತ್ತು. ನಮ್ಮ ಗಣಿಯ ಕಾಲದಲ್ಲಿ ಆ ಕೆಲಸ ಬಹುಮಟ್ಟಿಗೆ ಮನುಷ್ಯರ ನೆನಪಿನದಾಗಿತ್ತು.

ದಿಬ್ಬದ ಮಣ್ಣಿನಲ್ಲಿ ಇನ್ನೂ ಚಿನ್ನವಿದೆ, ಮತ್ತೆ ಶೋಧಿಸಬೇಕು ಎಂಬ ಮಾತು ಗಣಿಯ ಊರಲ್ಲಿ ಆಗಾಗ ಏಳುತ್ತದೆ. ಮಣ್ಣು ಅಲ್ಲಿಯವರೆಗೆ ಕಾಯುತ್ತದೆ, ನೆನಪು ಕಾಯುವುದಿಲ್ಲ. ಆಳಕ್ಕೆ ಇಳಿದು ಆ ಕ್ಷಣದ ಬೆಳಕನ್ನು ಕಂಡವರಲ್ಲಿ ಶ್ರೀಕಂಠನ್ 2019ರಲ್ಲಿ ತೀರಿಕೊಂಡರು.